ಮೂರು ನಿಮಿಷ

ಮುಲುಂಡಿನ ನಮ್ಮ ಸಂಘಕ್ಕೆ ಅಧ್ಯಕ್ಷರು ಯಾರಾಗಬೇಕು
ಅನ್ನುವುದಕ್ಕೆ ಈ ಸಲ ಚರ್ಚೆ ಇಟ್ಟರು.
ಅಮೆರಿಕದವರು ಮಾಡುತ್ತಾರಂತೆ, ನಮಗೇನು ಕಮ್ಮಿ
ಎಂದವರು ಖಜಾಂಚಿ ಜಾರಪ್ಪ ಸಪಲ್ಯರು.
ಎರಡು ಮೈಕು, ಎರಡು ಬಾಟ್ಲಿ ನೀರು, ಒಂದು ಗಂಟೆ.
ಗಂಟೆ ನನ್ನ ಕೈಗೆ.
ನೀವೇ ಸರಿ ಮೇಡಂ, ಇಪ್ಪತ್ತೊಂಬತ್ತು ವರ್ಷ
ಟ್ರಂಕ್ ಕಾಲ್ ಕತ್ತರಿಸಿದ ಕೈ.

ಹೌದು. ಹೆಡ್‌ಫೋನಿನ ಪಟ್ಟಿ ಒತ್ತಿ ಒತ್ತಿ
ಬೈತಲೆಗೆ ಅಡ್ಡವಾಗಿ ಈಗಲೂ ಒಂದು ಗೀಟಿದೆ.
"ತೀನ್ ಮಿನಿಟ್ ಹೋ ಗಯೇ" ಎಂದು ನಾನು ನಡುವೆ ಬಾಯಿ ಹಾಕಿದಾಗ
ಎರಡೂ ತುದಿಯಲ್ಲಿ ಉಸಿರು ಸಿಕ್ಕಿಕೊಳ್ಳುವುದು ಕೇಳುತ್ತಿತ್ತು.
ಮಳೆ ಹೇಗಿದೆ, ಎಮ್ಮೆ ಕರು ಹಾಕಿತೇ
ಎಂದು ದುಡ್ಡೆಲ್ಲ ಸುರಿದು ಮುಗಿಸಿ
ಕೊನೆಯ ಹತ್ತು ಸೆಕೆಂಡಿಗೆ ಹೇಳುತ್ತಿದ್ದರು:
ಅಪ್ಪ ಹೋದ.
ಇಲ್ಲವೇ, ನಾನಿನ್ನು ಬರುವುದಿಲ್ಲ.

ಯಾರು ಗೆಲ್ಲುತ್ತಾರೆ ಎಂದು ಮೊದಲೇ ಕೇಳಿದವರಿಗೆ
ಗಂಟೆ ಬೀಳಲಿ, ಆಮೇಲೆ ನೋಡೋಣ ಅಂದೆ.
ಯಾರೂ ಕಾಯಲಿಲ್ಲ. ಚಹಾದ ಮೇಜಿನಲ್ಲೇ ಫಲಿತಾಂಶ ಹೊರಟಿತ್ತು.
ಕರ್ಕೇರರೇ, ಬರೆದಿಟ್ಟುಕೊಳ್ಳಿ.
ಗಂಟಲು ನೋಡಿ, ತಾಳಮದ್ದಳೆಯ ಗಂಟಲು.
ಟೀಚರ್? ಪಾಪ, ಒಳ್ಳೆಯವರು.
ಆ ಒಂದು "ಪಾಪ"ಕ್ಕೆ ಅರ್ಧ ಮತ ಉದುರಿತು.

ದಾಮೋದರ ಕರ್ಕೇರರು ಹೊಸ ಹಾಲ್ ಕಟ್ಟಿದರು, ಲಿಫ್ಟ್ ಹಾಕಿದರು,
ಎ.ಸಿ. ಹಾಕಿದರು, ಎಲ್ಲ ನಾಲ್ಕು ವಾಕ್ಯದಲ್ಲಿ.
ಗಂಟೆ ಬಾರಿಸಿದೆ, ಕೈ ಅಡ್ಡ ಹಿಡಿದರು.
ಮತ್ತೆ ಬಾರಿಸಿದೆ.
"ನೋಡಿ, ಗಂಟೆಯೂ ನನಗೆ ಹೌದೆನ್ನುತ್ತಿದೆ!"
ಸಭೆ ನಕ್ಕಿತು. ನಾನೂ ನಕ್ಕೆ,
ಅದೊಂದು ಬೇಜಾರು ಈಗಲೂ ಇದೆ.

ಸುಲೋಚನಾ ಬಿಜೂರು ಟೀಚರ್ ಚೀಟಿ ನೋಡಿ ಓದಿದರು.
ಕನ್ನಡಕ ಎರಡು ಸಲ ಜಾರಿತು.
ಕನ್ನಡ ಕ್ಲಾಸಿನಲ್ಲಿ ಉಳಿದ ಹದಿನಾಲ್ಕು ಮಕ್ಕಳು,
ಲೈಬ್ರರಿಯ ಬೀಗ, ಬೀಗದ ಕೈ ಯಾರಲ್ಲಿದೆ ಎಂಬ ಪ್ರಶ್ನೆ.
ಹಿಂದಿನ ಸಾಲಿನಲ್ಲಿ ಫೋನ್‌ಗಳು ಬೆಳಗಿದವು.
ಆಗ ಚೀಟಿ ಮಡಿಸಿ, ತಲೆಯೆತ್ತಿ,
"ಈ ಬಾಗಿಲ ತನಕ ಬಂದು ಒಳಗೆ ಬಾರದೆ ಹೋದವರು..."
ಅಷ್ಟರಲ್ಲಿ ನನ್ನ ಕೈ, ಹಾಳಾದ್ದು,
ಟಣ್.
ಅವರು ಅಲ್ಲೇ ನಿಂತರು. ನಮಸ್ಕಾರ ಅಂದು ಕೂತರು.

ಒಂಬತ್ತು ಐವತ್ತೆರಡರ ಸ್ಲೋ, ಹೆಂಗಸರ ಡಬ್ಬಿ.
ಥಾಣೆಯ ತನಕ ಕರ್ಕೇರರು ಗೆದ್ದಿದ್ದರು.
ಕಳವಾದಲ್ಲಿ ಯಾರೋ ಲಿಫ್ಟಿನ ಲೆಕ್ಕ ತೆಗೆದು ಸ್ವಲ್ಪ ಸೋತರು.
ಮುಂಬ್ರಾದಲ್ಲಿ ಮತ್ತೆ ಗೆದ್ದರು:
ಟೀಚರ್ ಆ ಸೀರೆ ಉಡಬಾರದಿತ್ತಂತೆ.
ದಿವಾದಲ್ಲಿ ಜನ ಎಷ್ಟು ನುಗ್ಗಿದರೆಂದರೆ
ಯಾರ ಗೆಲುವಿಗೂ ಕಾಲೂರಲು ಜಾಗವಿರಲಿಲ್ಲ.
"ಅರ್ಧಕ್ಕೇ ನಿಲ್ಲಿಸಿದರಲ್ಲ, ಅಲ್ಲಿಗೆ ಮುಗಿಯಿತು"
ಎಂದಳು ಇಂದಿರಾ ಅಮೀನ್, ಸರಳು ಹಿಡಿದು ಜೋತಾಡುತ್ತ.
ನಿಮ್ಮ ಲೆಕ್ಕದಲ್ಲಿ ಯಾರು?
ಕರ್ಕೇರರು ಒಂದು ನಿಮಿಷ ನಲವತ್ತು ಸೆಕೆಂಡು ಹೆಚ್ಚು ತಗೊಂಡರು,
ಅಷ್ಟು ಹೇಳಿ ಡೊಂಬಿವಲಿಯಲ್ಲಿ ಇಳಿದೆ.

ಎಪ್ಪತ್ತೆಂಟರಲ್ಲಿ, ಕೆಲಸಕ್ಕೆ ಸೇರಿದ ಹೊಸತು,
ಆ ಬಾಗಿಲಲ್ಲಿ ನಿಂತಿದ್ದೆ.
ಒಳಗಿಂದ ಒಬ್ಬರು ನಕ್ಕು ಕೇಳಿದ್ದರು, ನೀವು ಯಾರ ಪೈಕಿ?
ಚಪ್ಪಲಿ ಅರ್ಧ ಕಳಚಿದ್ದೆ. ಮತ್ತೆ ಮೆಟ್ಟಿಕೊಂಡೆ.
ಒಳಗೆ ಹೋಗಲು ಹನ್ನೊಂದು ವರ್ಷ ಹಿಡಿಯಿತು.
ಟೀಚರಿಗೆ ಇದು ಗೊತ್ತಿರಲಿಕ್ಕಿಲ್ಲ.
ಬೇರೆ ಯಾರನ್ನೋ ಹೇಳಹೊರಟಿದ್ದರೇನೋ.

ಮತದಾನ ಬರುವ ಭಾನುವಾರ.
ಎಕ್ಸ್‌ಚೇಂಜಿನಲ್ಲಿ ಒಂದು ನಿಯಮವಿತ್ತು:
ನಮ್ಮ ತಪ್ಪಿನಿಂದ ಲೈನ್ ಕಡಿದರೆ
ದುಡ್ಡಿಲ್ಲದೆ ಮತ್ತೆ ಜೋಡಿಸಿ ಕೊಡಬೇಕು.
ರಾತ್ರಿ ಹನ್ನೊಂದಾಗಿದೆ, ಹೊತ್ತಲ್ಲದ ಹೊತ್ತು.
ಟೀಚರ್ ನಂಬರು ಒತ್ತಿದ್ದೇನೆ.
ರಿಂಗ್ ಆಗುತ್ತಿದೆ.